ದೇವರಿಗೆ ಬಿಡುವುದೆಂದರೇನು? ಹೊಸಪೇಟೆಯ ಸೀಮೆಯ ಬಸವಿ ಪದ್ಧತಿಯೂ ಸ್ತ್ರೀಯರ ಹಕ್ಕೂ

ತುಂಗಭದ್ರೆಯ ಬಲದಂಡೆಯಲ್ಲಿ ಹೊಸಪೇಟೆ, ಹಂಪೆ, ಕಂಪಲಿಗಳೂ, ಅವುಗಳಿಗೆ ದಕ್ಷಿಣದಲ್ಲಿ ಬೆಟ್ಟಗಳ ನಡುವೆ ಸಂಡೂರೂ ಇರುವ ಸೀಮೆಯಲ್ಲಿ ಬಹುಕಾಲದಿಂದ ನಡೆದುಬಂದ ಒಂದು ನುಡಿಯುಂಟು: “ಮಗಳನ್ನು ದೇವರಿಗೆ ಬಿಟ್ಟರು.” ಈ ನುಡಿಯಲ್ಲಿ ಮೂರು ಪದಗಳಿವೆ. ಮಗಳು ಯಾರೆಂಬುದು ಸ್ಪಷ್ಟ. ದೇವರು ಹುಲಿಗಿಯ ಹುಲಿಗೆಮ್ಮನಾಗಬಹುದು, ಉಚ್ಚಂಗಿಯ ಎಲ್ಲಮ್ಮನಾಗಬಹುದು, ಊರ ಮುಂದಿನ ಹನುಮಂತನೇ ಆಗಬಹುದು. ಉಳಿದದ್ದು “ಬಿಡು” ಎಂಬ ಧಾತು. ಈ ಲೇಖನದಲ್ಲಿ ಮುಖ್ಯವಾಗಿ ವಿಚಾರಿಸತಕ್ಕದ್ದು ಆ ಧಾತುವಿನ ಅರ್ಥವನ್ನೇ. ಶಾಸನಗಳೂ ಸ್ಮೃತಿಗಳೂ ಈಚಿನ ಕಾಯಿದೆಗಳೂ ಅದನ್ನು ಹೇಗೆ ಗ್ರಹಿಸಿವೆ, ಬಿಡಲ್ಪಟ್ಟ ಹೆಂಗಸರು ತಾವಾಗಿ ಅದನ್ನು ಹೇಗೆ ಗ್ರಹಿಸಿದ್ದಾರೆ ಎಂಬುದನ್ನು ತಿಳಿಯದೆ, ಆ ಹೆಂಗಸರ ಹಕ್ಕುಗಳಿಗಾಗಿ ಈ ಪ್ರಾಂತದಲ್ಲಿ ನಡೆದಿರುವ ಪ್ರಯತ್ನವು ನಮಗೆ ಸರಿಯಾಗಿ ತಿಳಿಯಲಾರದು.

ಮೊದಲು ಹೆಸರುಗಳ ವಿಷಯ. ಈಗ ಎಲ್ಲರೂ ಬಳಸುವ “ದೇವದಾಸಿ” ಎಂಬ ಸಂಸ್ಕೃತ ಶಬ್ದವು ಬಹಳ ಹಳೆಯದು. ಮಧ್ಯಹಿಂದೂಸ್ಥಾನದ ರಾಮಗಢದ ಜೋಗೀಮಾರಾ ಗುಹೆಯ ಬ್ರಾಹ್ಮೀಲಿಪಿಯ ಬರಹದಲ್ಲಿ ಸುತನುಕಾ ಎಂಬ ದೇವದಾಸಿಯ ಹೆಸರಿದೆ. ಅದು ಕ್ರಿಸ್ತಪೂರ್ವದ್ದೆಂಬುದರಲ್ಲಿ ಸಂದೇಹವಿಲ್ಲವಾದರೂ ಆಕೆ ದೇವಾಲಯದ ಸೇವಕಿಯೋ, ಆ ಪದಕ್ಕೆ ಅಲ್ಲಿ ಬೇರೆ ಅರ್ಥವೋ ಎಂಬುದರಲ್ಲಿ ವಿದ್ವಾಂಸರಿಗೆ ಏಕಾಭಿಪ್ರಾಯವಿಲ್ಲ. ನಮ್ಮ ಕನ್ನಡ ಶಾಸನಗಳಲ್ಲಿಯಾದರೋ ಸಾಧಾರಣವಾಗಿ ಕಾಣುವ ಪದಗಳು ಸೂಳೆ, ಪಾತ್ರ, ವಿಲಾಸಿನಿ ಎಂಬವು. ಇವುಗಳಲ್ಲಿ ಮೊದಲನೆಯದು ಈಗ ಬೈಗುಳಾಗಿದೆ, ಆಗ ಹಾಗಿರಲಿಲ್ಲ. ಬಾದಾಮಿಯ ಸಮೀಪದ ಮಹಾಕೂಟದಲ್ಲಿ ಚಾಲುಕ್ಯ ವಿಜಯಾದಿತ್ಯನ (೬೯೬–೭೩೩) ಪ್ರಾಣವಲ್ಲಭೆಯಾದ ವಿನಾಪೋಟಿಯ ಶಾಸನವಿದೆ. ಆಕೆಯನ್ನು ಆ ಶಾಸನವು ಸಂಕೋಚವಿಲ್ಲದೆ ಅದೇ ಪದದಿಂದ ನಿರ್ದೇಶಿಸಿ, ಆಕೆಯ ತಾಯಿ, ತಾಯಿಯ ತಾಯಿ ಎಂದು ಹೆಂಗಸರ ಸಾಲಿನಿಂದಲೇ ವಂಶವನ್ನು ಹೇಳಿ, ಆಕೆ ಹಿರಣ್ಯಗರ್ಭ ದಾನವನ್ನು ಮಾಡಿದುದನ್ನೂ, ದೇವರಿಗೆ ಮಾಣಿಕ್ಯದ ಪೀಠವನ್ನೂ ಬೆಳ್ಳಿಯ ಕೊಡೆಯನ್ನೂ ಭೂಮಿಯನ್ನೂ ಕೊಟ್ಟುದನ್ನೂ ತಿಳಿಸುತ್ತದೆ. ಇಲ್ಲಿ ಆಕೆಯೇ ದಾತೃ, ದತ್ತವಸ್ತುವಲ್ಲ. ಈ ಭೇದವನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ.

ವಿಜಯನಗರದ ಕಾಲಕ್ಕೆ ಬರುವಷ್ಟರಲ್ಲಿ ಚಿತ್ರವು ಸ್ವಲ್ಪ ಬದಲಾಗಿದೆ. ೧೪೪೩ರಲ್ಲಿ ಬಂದ ಪಾರಸಿಕ ರಾಯಭಾರಿ ಅಬ್ದುರ್ ರಜಾಕನು ಗಣಿಕೆಯರ ಬೀದಿಯ ವೈಭವವನ್ನು ವರ್ಣಿಸುತ್ತ, ಅವರಿಂದ ಬರುವ ತೆರಿಗೆಯಿಂದ ನಗರರಕ್ಷಕರಿಗೆ ಸಂಬಳ ಸಲ್ಲುತ್ತಿತ್ತೆಂದು ಬರೆದಿದ್ದಾನೆ. ಕೃಷ್ಣದೇವರಾಯನ ಕಾಲದಲ್ಲಿ, ೧೫೨೦ರ ಸುಮಾರಿಗೆ, ಪೋರ್ತುಗೀಸನಾದ ದೊಮಿಂಗೊ ಪಾಯಿಸನು ಒಂದು ದೇವಾಲಯದಲ್ಲಿ ನರ್ತಿಸುತ್ತಿದ್ದ ಹೆಂಗಸರನ್ನು ಕುರಿತು, ಅವರು ಒಳ್ಳೆಯ ಬೀದಿಗಳಲ್ಲಿ ವಾಸಿಸುತ್ತಾರೆ, ಅವರಿಗೆ ಬಹಳ ಮರ್ಯಾದೆಯುಂಟು, ರಾಜಪತ್ನಿಯರೊಡನೆ ಕುಳಿತು ತಾಂಬೂಲವನ್ನು ಹಾಕುವಷ್ಟು ಸಲಿಗೆಯುಂಟು ಎಂದೆಲ್ಲ ಹೇಳಿ, ನಡುವೆ ಒಂದು ಸಣ್ಣ ಸಂಗತಿಯನ್ನು ಸೇರಿಸಿದ್ದಾನೆ: ಅವರಿಗೆ ಹುಟ್ಟಿದ ಹೆಣ್ಣುಮಕ್ಕಳೆಲ್ಲರೂ ದೇವಾಲಯಕ್ಕೆ ಸೇರಿದವರು. ಚರಿತ್ರೆಯನ್ನು ಬರೆಯುವವರು ತಾಂಬೂಲದ ಸಂಗತಿಯನ್ನೇ ಹೆಚ್ಚಾಗಿ ಎತ್ತಿ ಹೇಳುತ್ತಾರೆ. ನನಗಾದರೋ ಹೆಣ್ಣುಮಕ್ಕಳ ಸಂಗತಿಯೇ ಮುಖ್ಯವಾಗಿ ತೋರುತ್ತದೆ. ಹುಟ್ಟುವ ಮೊದಲೇ ಯಾರದೋ ಸ್ವತ್ತೆಂದು ನಿರ್ಣಯವಾಗಿರುವ ಶಿಶುವಿಗೆ ತಾಯಿಯ ಮರ್ಯಾದೆಯಿಂದ ಆಗುವ ಪ್ರಯೋಜನವೇನು? ಹಂಪೆಯಲ್ಲಿ ಅಚ್ಯುತರಾಯನ ಗುಡಿಯ ಮುಂದಿನ ಹಾಳುಬಿದ್ದ ಬೀದಿಯನ್ನು ಜನರು ಇಂದಿಗೂ ಸೂಳೆಬಜಾರೆಂದೇ ಕರೆಯುತ್ತಾರೆ. ಯಾತ್ರಿಕರಿಗೆ ಅದನ್ನು ತೋರಿಸುವವರು ಹೆಸರನ್ನು ಹೇಳುವಾಗ ಸ್ವಲ್ಪ ನಗುವುದುಂಟು.

ಗುಡಿಯ ನೃತ್ಯಗೀತಗಳ ಪಾತ್ರದವರ ಈ ಸಂಪ್ರದಾಯ ಒಂದು. ಹಳ್ಳಿಯ ಬಸವಿಯರ ಸಂಪ್ರದಾಯ ಮತ್ತೊಂದು. ಇವೆರಡನ್ನೂ ಒಂದೇ ಹೆಸರಿನಿಂದ ಕರೆಯುವುದರಿಂದ ಬಹಳ ತೊಡಕಾಗಿದೆ. ಬಸವಿಗೆ ನೃತ್ಯವಿಲ್ಲ, ಸಂಗೀತವಿಲ್ಲ, ಇನಾಂ ಭೂಮಿಯಿಲ್ಲ. ಬೇಡರು, ಮಾದಿಗರು, ಹೊಲೆಯರು ಮೊದಲಾದ ಜನಗಳಲ್ಲಿ ಗಂಡುಸಂತಾನವಿಲ್ಲದ ತಂದೆಯು ಮಗಳೊಬ್ಬಳಿಗೆ ಮದುವೆ ಮಾಡದೆ, ದೇವರ ಮುಂದೆ ಕೆಂಪು ಬಿಳಿ ಮಣಿಗಳ ಸರವನ್ನು ಕಟ್ಟಿಸಿ ಮನೆಯಲ್ಲಿಯೇ ಉಳಿಸಿಕೊಳ್ಳುವುದು. ಇದನ್ನೇ “ಮುತ್ತು ಕಟ್ಟುವುದು” ಎನ್ನುತ್ತಾರೆ. ಅವಳು ತಂದೆಯ ಆಸ್ತಿಗೆ ಮಗನಂತೆ ಹಕ್ಕುದಾರಳು. ತಂದೆಗೆ ಉತ್ತರಕ್ರಿಯೆಯನ್ನು ಮಾಡತಕ್ಕವಳು. ಅವಳ ಮಕ್ಕಳು ಅವಳ ತಂದೆಯ ಮನೆತನಕ್ಕೆ ಸೇರಿದವರು. ಬಳ್ಳಾರಿಯ ಸೀಮೆಯ ಈ ಪದ್ಧತಿಯನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪೊಲೀಸು ಅಧಿಕಾರಿಯಾದ ಫಾಸೆಟನು ಒಂದು ದೀರ್ಘ ಲೇಖನದಲ್ಲಿ ವಿವರಿಸಿದನು. ೧೯೦೪ರ ಬಳ್ಳಾರಿ ಗ್ಯಾಸೆಟಿಯರಿನಲ್ಲಿ ಫ್ರಾನ್ಸಿಸನೂ, ೧೯೦೯ರಲ್ಲಿ ದಕ್ಷಿಣದ ಜಾತಿಗಳನ್ನು ಕುರಿತ ಸಂಪುಟಗಳಲ್ಲಿ ಥರ್ಸ್ಟನ್ನನೂ ಇದನ್ನು ಹೇಳಿದ್ದಾರೆ.

ಧರ್ಮಶಾಸ್ತ್ರವನ್ನು ಓದಿದವರಿಗೆ ಇಲ್ಲಿ ಕೂಡಲೇ ನೆನಪಾಗುವುದು “ಪುತ್ರಿಕೆ” ಎಂಬುದು. ಪುತ್ರನಿಲ್ಲದವನು ಮಗಳನ್ನು ಪುತ್ರಸ್ಥಾನದಲ್ಲಿ ನಿಯಮಿಸಿ, ಅವಳ ಮಗನು ತನಗೆ ಪಿಂಡದಾತನಾಗಬೇಕೆಂದು ಒಡಂಬಡಿಸಿಕೊಳ್ಳುವ ವಿಧಿಯು ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯದಲ್ಲಿದೆ. ಮಗಳು ಮಗನಿಗೆ ಸಮಾನಳೆಂದು ಅಲ್ಲಿ ಕಂಠೋಕ್ತವಾಗಿ ಹೇಳಿದೆ. ಆದುದರಿಂದ ಬಸವಿಯು ಪುತ್ರಿಕೆಯ ಅವಶೇಷವೆಂದು ಊಹಿಸಲು ಅವಕಾಶವುಂಟು. ಆದರೆ ಒಂದು ದೊಡ್ಡ ವ್ಯತ್ಯಾಸವಿದೆ. ಪುತ್ರಿಕೆಗೆ ವಿವಾಹವುಂಟು, ಗಂಡನುಂಟು, ಒಡಂಬಡಿಕೆಯು ಅವಳ ಮಗನ ವಿಷಯವಾಗಿ ಮಾತ್ರ. ಬಸವಿಗೆ ಆಸ್ತಿಯ ಹಕ್ಕು ದೊರೆಯುವುದು ವಿವಾಹದ ಹಕ್ಕನ್ನು ಬಿಟ್ಟುಕೊಟ್ಟ ಮೇಲೆ. ಸ್ತ್ರೀಯಾಗಿದ್ದುಕೊಂಡು ಹಕ್ಕುದಾರಳಾಗಲು ಆ ಸಮಾಜದಲ್ಲಿ ದಾರಿಯಿರಲಿಲ್ಲ. ಗಂಡಸಿನ ಸ್ಥಾನವನ್ನು ಹೊಂದಿದರೆ ದಾರಿಯಿತ್ತು. ಅದಕ್ಕೆ ತೆರಬೇಕಾದ ಬೆಲೆ ಅವಳ ದೇಹ. ಅವಳ ಬಳಿಗೆ ಬರುವ ಗಂಡಸಿಗಾದರೋ ಯಾವ ಭಾರವೂ ಇಲ್ಲ. ಅವನು ಅನ್ನ ಹಾಕಬೇಕಾದುದೂ ಇಲ್ಲ, ಹುಟ್ಟಿದ ಮಗುವಿಗೆ ಹೆಸರು ಕೊಡಬೇಕಾದುದೂ ಇಲ್ಲ.

ಇನ್ನು “ಬಿಡು” ಧಾತುವಿನ ವಿಚಾರ. ದೇವದಾಸೀ ಸಮರ್ಪಣೆಯನ್ನು ಸಮರ್ಥಿಸುವವರು ಅದನ್ನು ದಾನವೆಂದು ಹೇಳುತ್ತಾರೆ: ಭಕ್ತನು ತನ್ನ ಅತಿಪ್ರಿಯವಾದ ವಸ್ತುವನ್ನು ದೇವರಿಗೆ ಕೊಟ್ಟನು, ದೇವರು ಸ್ವೀಕರಿಸಿದನು, ಇದರಲ್ಲಿ ದೋಷವೇನು? ಈ ಪೂರ್ವಪಕ್ಷವನ್ನು ಹೊರಗಿನ ನ್ಯಾಯದಿಂದಲ್ಲ, ನಮ್ಮ ಶಾಸ್ತ್ರದ ನ್ಯಾಯದಿಂದಲೇ ಪರೀಕ್ಷಿಸೋಣ.

ದಾನಕ್ಕೆ ಮೂರು ಅಂಗಗಳು ಬೇಕು: ದೇಯವಸ್ತುವಿನಲ್ಲಿ ದಾತೃವಿಗೆ ಸ್ವತ್ವವಿರಬೇಕು, ಆ ಸ್ವತ್ವವನ್ನು ಅವನು ತ್ಯಜಿಸಬೇಕು, ಮತ್ತೊಬ್ಬನು ಪ್ರತಿಗ್ರಹಿಸಬೇಕು. ಮೊದಲನೆಯ ಅಂಗವನ್ನು ನೋಡಿದರೆ, ಜೈಮಿನಿಯ ಆರನೆಯ ಅಧ್ಯಾಯದ ಏಳನೆಯ ಪಾದದ ಆರಂಭದಲ್ಲಿ ವಿಶ್ವಜಿದ್ಯಾಗದ ವಿಚಾರವಿದೆ. ಆ ಯಾಗದಲ್ಲಿ ಯಜಮಾನನು ತನ್ನ ಸರ್ವಸ್ವವನ್ನೂ ಕೊಡಬೇಕೆಂದು ವಿಧಿ. ಹಾಗಾದರೆ ತನ್ನವರೆನಿಸಿದ ತಂದೆ ತಾಯಿ ಮೊದಲಾದ ಬಂಧುಗಳನ್ನೂ ಕೊಡಬೇಕೇ ಎಂದು ಸಂಶಯ. ಕೊಡಲಾಗದು, ಏಕೆಂದರೆ ಅವರ ಮೇಲೆ ಯಜಮಾನನಿಗೆ ಒಡೆತನವಿಲ್ಲ, ಒಡೆತನವಿರುವುದನ್ನು ಮಾತ್ರ ಕೊಡಬಹುದು ಎಂದು ಸಿದ್ಧಾಂತ. “ನನ್ನ ಹೊಲ” ಎನ್ನುವಲ್ಲಿಯೂ “ನನ್ನ ಮಗಳು” ಎನ್ನುವಲ್ಲಿಯೂ ಷಷ್ಠೀ ವಿಭಕ್ತಿಯು ಒಂದೇ ಆದರೂ ಸಂಬಂಧವು ಒಂದೇ ಅಲ್ಲ. ಯಾಜ್ಞವಲ್ಕ್ಯನೂ ದತ್ತಾಪ್ರದಾನಿಕ ಪ್ರಕರಣದಲ್ಲಿ ಕುಟುಂಬಕ್ಕೆ ವಿರೋಧವಾಗದಂತೆ ತನ್ನ ಸ್ವತ್ತನ್ನು ಕೊಡಬಹುದೆಂದು ಹೇಳಿ, ಹೆಂಡತಿಯನ್ನೂ ಸಂತಾನವನ್ನೂ ಅದರಿಂದ ಹೊರಗಿಟ್ಟಿದ್ದಾನೆ. ಅದಕ್ಕೆ ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರನು ನಮ್ಮ ಕಲ್ಯಾಣದವನೇ.

ಹಾಗಿದ್ದರೆ ಕನ್ಯಾದಾನವೆಂಬುದು ಹೇಗೆ ಎಂದು ಕೇಳಬಹುದು. ಅಲ್ಲಿ “ದಾನ” ಶಬ್ದವು ಗೌಣವೆಂದು ಸಮಾಧಾನ. ಕೊಟ್ಟ ಮೇಲೆಯೂ ತಂದೆಯು ತಂದೆಯೇ, ಮಗಳು ಮಗಳೇ. ಹೊಲವನ್ನು ಕೊಟ್ಟವನಿಗೆ ಹೊಲದೊಡನೆ ಅಂತಹ ಸಂಬಂಧವು ಉಳಿಯುವುದಿಲ್ಲ. ಅಲ್ಲದೆ ಮನುವು ಎಣಿಸಿದ ಎಂಟು ವಿವಾಹಗಳಲ್ಲಿ ವರನು ದೇವತೆಯಾಗಿರುವ ವಿವಾಹವು ಒಂದೂ ಇಲ್ಲ. ದೈವ ವಿವಾಹವೆಂಬ ಹೆಸರನ್ನು ಕಂಡು ಕೆಲವರು ಭ್ರಮೆಪಡುವುದುಂಟು. ಅದು ಯಜ್ಞಮಾಡುತ್ತಿರುವ ಋತ್ವಿಜನಿಗೆ ಕನ್ಯೆಯನ್ನು ಕೊಡುವುದು, ದೇವರಿಗಲ್ಲ.

ಮೂರನೆಯ ಅಂಗವಾದ ಪ್ರತಿಗ್ರಹವೂ ಇಲ್ಲಿ ಸಿದ್ಧಿಸದು. ಒಂಬತ್ತನೆಯ ಅಧ್ಯಾಯದ ದೇವತಾವಿಚಾರದಲ್ಲಿ ಶಬರಸ್ವಾಮಿಯು ದೇವತೆಗೆ ವಿಗ್ರಹವಿಲ್ಲ, ಭೋಜನವಿಲ್ಲ, ಸ್ವತ್ತಿನ ಮೇಲೆ ಈಶತ್ವವಿಲ್ಲ, “ದೇವಗ್ರಾಮ” ಎಂಬುದು ಉಪಚಾರಮಾತ್ರವೆಂದು ಸಾಧಿಸಿದ್ದಾನೆ. ವೇದಾಂತಿಗಳು ಇದನ್ನು ಒಪ್ಪುವುದಿಲ್ಲ. ಆಗಮಜ್ಞರಂತೂ ಒಪ್ಪುವುದೇ ಇಲ್ಲ. ಈಗಿನ ನ್ಯಾಯಾಲಯಗಳೂ ದೇವರನ್ನು ಆಸ್ತಿಹೊಂದಬಲ್ಲ ವ್ಯಕ್ತಿಯೆಂದೇ ಎಣಿಸುತ್ತವೆ. ಆದುದರಿಂದ ಈ ಒಂದು ಯುಕ್ತಿಯನ್ನು ನಾನು ಒತ್ತಿ ಹಿಡಿಯುವುದಿಲ್ಲ. ಪ್ರತಿಗ್ರಹೀತೃವು ಸಿದ್ಧನೆಂದೇ ಒಪ್ಪಿದರೂ, ಕೊಡುವವನಿಗೆ ಸ್ವತ್ವವಿಲ್ಲದ ಮೇಲೆ ದಾನವೆಲ್ಲಿಯದು?

ಈ ನ್ಯಾಯಗಳನ್ನೆಲ್ಲ ಸಂಗ್ರಹಿಸಿ ಜೈಮಿನೀಯನ್ಯಾಯಮಾಲೆಯನ್ನು ಮಾಧವಾಚಾರ್ಯನು ರಚಿಸಿದುದು ಬುಕ್ಕರಾಯನ ಆಶ್ರಯದಲ್ಲಿ. ವಿಶ್ವಜಿನ್ನ್ಯಾಯವನ್ನು ಪಾಠ ಹೇಳುತ್ತಿದ್ದ ಪಂಡಿತರೂ ಗೆಜ್ಜೆ ಕಟ್ಟಿದ ಹುಡುಗಿಯರೂ ಅದೇ ರಾಜ್ಯದ ಒಂದೇ ಗುಡಿಯ ಅಂಗಳದಲ್ಲಿ ಹಾದುಹೋಗಿರಬೇಕು. ಒಂದನ್ನು ಮತ್ತೊಂದಕ್ಕೆ ಅನ್ವಯಿಸಬೇಕೆಂದು ಯಾರಿಗೂ ತೋರಿದಂತೆ ಕಾಣುವುದಿಲ್ಲ. ಇದು ನನ್ನ ವರ್ಗದ ವಿದ್ವಾಂಸರ ಹಳೆಯ ರೋಗ; ಇದರಿಂದ ನಾನೂ ಮುಕ್ತನಲ್ಲವೆಂಬುದನ್ನು ಮುಂದೆ ಹೇಳುವೆನು.

ಹೀಗಿರಲು, ನಡೆಯುವುದು ದಾನವಲ್ಲವಾದರೆ ಮತ್ತೇನು? ಹಳ್ಳಿಯ ಜನರ ಮಾತೇ ಇದಕ್ಕೆ ಉತ್ತರವನ್ನು ಕೊಡುತ್ತದೆ. ಅವರು ದೇವರಿಗೆ “ಕೊಟ್ಟರು” ಎನ್ನುವುದಿಲ್ಲ, “ಬಿಟ್ಟರು” ಎನ್ನುತ್ತಾರೆ. ವೃಷಭ ಶಬ್ದದ ತದ್ಭವವಾದ ಬಸವ ಎಂಬುದರ ಸ್ತ್ರೀಲಿಂಗವೇ ಬಸವಿ. ಬಸವನನ್ನು ಬಿಡುವುದೆಂದರೆ ಶಾಸ್ತ್ರದ ವೃಷೋತ್ಸರ್ಗ. ಉತ್ಸರ್ಗಕ್ಕೂ ದಾನಕ್ಕೂ ಭೇದವೇನೆಂದರೆ, ದಾನದಲ್ಲಿ ಒಬ್ಬನ ಸ್ವತ್ವವು ಅಳಿದು ಮತ್ತೊಬ್ಬನ ಸ್ವತ್ವವು ಹುಟ್ಟುತ್ತದೆ. ಉತ್ಸರ್ಗದಲ್ಲಿ ಬಿಡುವವನ ಸ್ವತ್ವವು ಅಳಿಯುತ್ತದೆ, ಮತ್ತೊಬ್ಬ ಒಡೆಯನು ಹುಟ್ಟುವುದಿಲ್ಲ. ಕೆರೆ ಬಾವಿಗಳ ಉತ್ಸರ್ಗವೂ ಹೀಗೆಯೇ. ಆಮೇಲೆ ಬಂದವರೆಲ್ಲರೂ ನೀರನ್ನು ತೆಗೆದುಕೊಳ್ಳಬಹುದು. ಹೆಣ್ಣುಮಗಳನ್ನು “ಬಿಡುವುದು” ಎಂಬುದು ಇದೇ ಕ್ರಿಯೆ. ಬಿಟ್ಟ ಬಸವನನ್ನಾದರೋ ಹೊಲದಲ್ಲಿ ಮೇಯ್ದರೂ ಹೊಡೆಯುವವರಿಲ್ಲ. ಬಿಟ್ಟ ಬಸವಿಗೆ ಆ ರಕ್ಷಣೆಯೂ ಇಲ್ಲ. ಜನರ ಭಾಷೆಯು ಪಂಡಿತರ ಭಾಷೆಗಿಂತ ಇಲ್ಲಿ ಸತ್ಯಕ್ಕೆ ಹತ್ತಿರವಾಗಿದೆ ಎಂದು ನನ್ನ ಅಭಿಪ್ರಾಯ.

ಈಗ ಕಾಯಿದೆಗಳ ಕಡೆಗೆ ತಿರುಗೋಣ. ಈ ಸೀಮೆಯ ವಿಚಿತ್ರವೆಂದರೆ ಒಂದೇ ಪದ್ಧತಿಯು ನಾಲ್ಕೈದು ಪ್ರಭುತ್ವಗಳ ಕೆಳಗೆ ಹರಡಿಕೊಂಡಿದ್ದುದು. ಹೊಸಪೇಟೆ, ಹಂಪೆ, ಕಂಪಲಿಗಳು ೧೯೫೩ರ ಅಕ್ಟೋಬರಿನವರೆಗೆ ಮದರಾಸಿಗೆ ಸೇರಿದ್ದವು. ಸಂಡೂರು ೧೯೪೯ರವರೆಗೆ ಘೋರ್ಪಡೆಯವರ ಸಂಸ್ಥಾನ. ನದಿಯ ಆಚೆಯ ಆನೆಗೊಂದಿ, ಹುಲಿಗಿಗಳು ನಿಜಾಮರ ರಾಜ್ಯ. ಸವದತ್ತಿಯ ಎಲ್ಲಮ್ಮನ ಗುಡ್ಡ ಮುಂಬಯಿ ಇಲಾಖೆ. ದಕ್ಷಿಣಕ್ಕೆ ಮೈಸೂರು. ಮೈಸೂರು ಸರ್ಕಾರವು ೧೯೦೯ರಲ್ಲಿಯೇ ಮುಜರಾಯಿ ದೇವಾಲಯಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತು. ಮುಂಬಯಿಯ ಶಾಸನವು ೧೯೩೪ರದು.

ಮದರಾಸಿನಲ್ಲಿ ಈ ಕಾರ್ಯವನ್ನು ಕೈಗೊಂಡವರು ಡಾಕ್ಟರ್ ಮುತ್ತುಲಕ್ಷ್ಮೀ ರೆಡ್ಡಿಯವರು (ಜನನ ೧೮೮೬). ಇವರ ತಾಯಿಯು ದೇವದಾಸಿಯರ ಕುಲದಲ್ಲಿ ಹುಟ್ಟಿದವರು. ೧೯೨೭ರಲ್ಲಿ ಶಾಸನಸಭೆಗೆ ಬಂದು, ಅದರ ಉಪಾಧ್ಯಕ್ಷೆಯಾಗಿ, ಸಮರ್ಪಣೆಯನ್ನು ನಿಷೇಧಿಸಬೇಕೆಂಬ ನಿರ್ಣಯವನ್ನು ತಂದರು. ಅವರು ಮೊದಲು ಸಾಧಿಸಿದುದು ೧೯೨೯ರ ತಿದ್ದುಪಡಿ. ಇದರ ವೈಶಿಷ್ಟ್ಯವನ್ನು ಗಮನಿಸಬೇಕು. ದೇವದಾಸಿಯು ಅನುಭವಿಸುತ್ತಿದ್ದ ಇನಾಂ ಭೂಮಿಯನ್ನು ಗುಡಿಯ ಸೇವೆಯ ಕಟ್ಟಿನಿಂದ ಬಿಡಿಸಿ ಅವಳ ಕೈಯಲ್ಲಿಯೇ ನಿಲ್ಲಿಸುವುದು ಅದರ ಉದ್ದೇಶ. ಭೂಮಿಯು ಹೋಗುವುದೆಂಬ ಭಯವಿರುವವರೆಗೆ ತಾಯಿಯು ಮಗಳಿಗೆ ಗೆಜ್ಜೆ ಕಟ್ಟಿಸುವುದನ್ನು ಬಿಡಳು ಎಂಬುದನ್ನು ಅವರು ಅರಿತಿದ್ದರು. ಮೊದಲು ಅನ್ನ, ಆಮೇಲೆ ನಿಷೇಧ ಎಂಬ ಈ ಕ್ರಮವನ್ನು ಅನಂತರ ಬಂದವರು ಎಲ್ಲರೂ ಪಾಲಿಸಲಿಲ್ಲ. ಪೂರ್ಣ ನಿಷೇಧದ ಮಸೂದೆಯು ೧೯೩೦ರಿಂದ ತೂಗಾಡಿ, ೧೯೪೭ರಲ್ಲಿ ಕಾಯಿದೆಯಾಯಿತು. ಸಮರ್ಪಣೆ ಮಾಡಿದವರಿಗೆ ಆರು ತಿಂಗಳ ಸಜೆ ಅಥವಾ ೫೦೦ ರೂಪಾಯಿ ದಂಡ, ಅಥವಾ ಎರಡೂ. ಆ ಕಾಯಿದೆಯ ಪರಿಭಾಷೆಯಲ್ಲಿ ತಮಿಳಿನ “ಪೊಟ್ಟುಕಟ್ಟು” ಎಂಬುದರೊಡನೆ “ಗೆಜ್ಜೆಪೂಜೆ”, “ಮುದ್ರೆ” ಎಂಬ ನಮ್ಮ ಪದಗಳೂ ಸೇರಿವೆ. ಬಳ್ಳಾರಿಯ ಕಡೆಯ “ಮುತ್ತು ಕಟ್ಟುವುದು” ಹೆಸರಿನಿಂದ ಸೇರಿಲ್ಲ. ಯಾವ ಹೆಸರಿನ ವಿಧಿಯಾದರೂ ಸರಿ ಎಂಬ ಸಾಮಾನ್ಯ ವಾಕ್ಯದಲ್ಲಿ ಅಡಗಿದೆ. ಆ ಶಾಸನವು ನಡೆಯುತ್ತಿದ್ದುದು ನದಿಯ ಈಚೆಯ ದಡದವರೆಗೆ ಮಾತ್ರ. ಕಂಪಲಿಯ ಹರಿಗೋಲು ಆಚೆಯ ದಡವನ್ನು ಮುಟ್ಟಿದರೆ ಅದು ಬೇರೆ ರಾಜ್ಯ.

ಈ ಸುಧಾರಣೆಯನ್ನು ವಿರೋಧಿಸಿದವರೆಲ್ಲರೂ ಸ್ವಾರ್ಥಿಗಳಾದ ಗಂಡಸರೆಂದು ತಿಳಿಯಲಾಗದು. ನಂಜನಗೂಡಿನಲ್ಲಿ ಹುಟ್ಟಿ ಮದರಾಸಿನಲ್ಲಿ ಪ್ರಸಿದ್ಧರಾದ ಬೆಂಗಳೂರು ನಾಗರತ್ನಮ್ಮನವರು (೧೮೭೮–೧೯೫೨) ಮುತ್ತುಲಕ್ಷ್ಮಿಯವರ ಮಸೂದೆಯನ್ನು ಎದುರಿಸಿದ ದೇವದಾಸಿಯರಲ್ಲಿ ಮುಖ್ಯರು. ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿಯನ್ನು ತಮ್ಮ ಹಣದಿಂದ ಕಟ್ಟಿಸಿದವರು ಇವರೇ. ವಿದ್ಯೆ, ಸ್ವಂತ ಆಸ್ತಿ, ದತ್ತಕದ ಅಧಿಕಾರ, ಇವುಗಳನ್ನು ಪಡೆದಿದ್ದ ಹೆಂಗಸರ ವರ್ಗವನ್ನು ವೇಶ್ಯೆಯರೆಂದು ಒಟ್ಟಾಗಿ ಕರೆದು ಅಳಿಸುವುದು ಅನ್ಯಾಯವೆಂಬ ಅವರ ಪಕ್ಷದ ಆಕ್ಷೇಪಣೆಯಲ್ಲಿ ಸತ್ತ್ವವಿಲ್ಲದಿಲ್ಲ. ಆದರೆ ಆ ಆಕ್ಷೇಪಣೆಯು ವಿನಾಪೋಟಿಯ ವಂಶಕ್ಕೆ ಸಲ್ಲುತ್ತದೆ. ಸಂಡೂರಿನ ಗುಡ್ಡದ ಕೆಳಗಿನ ಕೇರಿಯ ಬಸವಿಗೆ ಸಲ್ಲುವುದಿಲ್ಲ. ಅವಳಿಗೆ ಕಳೆದುಕೊಳ್ಳಲು ವೀಣೆಯೂ ಇರಲಿಲ್ಲ, ಇನಾಮೂ ಇರಲಿಲ್ಲ. ಕೇರಿಯವರಿಗೆ ಗುಡಿಯ ಬಾಗಿಲೇ ಮುಚ್ಚಿದ್ದ ಕಾಲವದು. ಸಂಡೂರಿನ ಕುಮಾರಸ್ವಾಮಿಯ ದೇವಾಲಯವನ್ನು ಹರಿಜನರಿಗೆ ತೆರೆದುದೇ ೧೯೩೨ರಲ್ಲಿ. ಒಳಗೆ ಬರಲು ಅಪ್ಪಣೆಯಿಲ್ಲದ ಮನೆಯಿಂದ ಮಗಳನ್ನು ಮಾತ್ರ ದೇವರ ಹೆಸರಿನಲ್ಲಿ ತೆಗೆದುಕೊಳ್ಳಬಹುದಾಗಿತ್ತು. ಕಲೆಯು ನಾಶವಾಗುವುದೆಂಬ ಭಯವೂ ನಿಲ್ಲತಕ್ಕದ್ದಲ್ಲ. ಹೊಸಪೇಟೆಯ ಬಳಿಯ ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿಯವರು ಜೋಗತಿ ನೃತ್ಯವನ್ನು ರಂಗಕ್ಕೆ ತಂದು, ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿ, ಪದ್ಮಶ್ರೀ ಪ್ರಶಸ್ತಿಯನ್ನು ಪಡೆದುದನ್ನು ಎಲ್ಲರೂ ಬಲ್ಲರು. ಕಲೆಯು ಉಳಿಯುವುದಕ್ಕೆ ಎಳೆಯ ಹುಡುಗಿಯ ಕೊರಳಿಗೆ ಮಣಿ ಕಟ್ಟಬೇಕಾಗಿಲ್ಲ.

ಕರ್ನಾಟಕವು ಒಂದಾದ ಮೇಲೆಯೂ ಇಪ್ಪತ್ತೈದಕ್ಕೂ ಹೆಚ್ಚು ವರ್ಷಗಳ ಕಾಲ ಹಳೆಯ ಕಾಯಿದೆಗಳೇ ಅಲ್ಲಲ್ಲಿ ನಡೆದು, ೧೯೮೨ರ ಶಾಸನವು ೧೯೮೪ರಲ್ಲಿ ಜಾರಿಗೆ ಬಂದಿತು. ಸಮರ್ಪಣೆಯು ಅಸಿಂಧು, ಸಮರ್ಪಿತಳಾದವಳ ವಿವಾಹವು ಸಿಂಧು, ಮಾಡಿಸಿದವರಿಗೆ ಮೂರು ವರ್ಷಗಳವರೆಗೆ ಸಜೆ, ತಂದೆತಾಯಿಗಳೋ ಬಂಧುಗಳೋ ಮಾಡಿಸಿದ್ದರೆ ಎರಡರಿಂದ ಐದು ವರ್ಷಗಳವರೆಗೆ. ಕೊನೆಯ ನಿಯಮವು ಸದುದ್ದೇಶದ್ದೇ. ಆದರೆ ಫಲವನ್ನು ನೋಡಿದರೆ, ಮುತ್ತು ಕಟ್ಟಿಸಿದ ತಾಯಿಯು ಎಷ್ಟೋ ವೇಳೆ ತಾನೂ ಹನ್ನೆರಡನೆಯ ವಯಸ್ಸಿನಲ್ಲಿ ಮುತ್ತು ಕಟ್ಟಿಸಿಕೊಂಡವಳು. ಅವಳಿಗೆ ಹೆಚ್ಚಿನ ಸಜೆ. ಹುಡುಗಿಯನ್ನು ಇಟ್ಟುಕೊಂಡ ಗಂಡಸಿನ ಮಾತು ಆ ಶಾಸನದಲ್ಲಿ ಇಲ್ಲ. ದೂರು ಕೊಡಬೇಕಾದವಳು ತನ್ನ ತಾಯಿಯನ್ನೇ ಸೆರೆಮನೆಗೆ ಕಳುಹಿಸಬೇಕು. ಹೀಗಿರುವಾಗ ವಿಧಿಯು ರಾತ್ರಿಯಲ್ಲಿ, ಮನೆಯ ಒಳಗೆ, ದೂರದ ಗುಡ್ಡದಲ್ಲಿ ನಡೆಯತೊಡಗಿದುದು ಆಶ್ಚರ್ಯವಲ್ಲ. ೨೦೧೪ರ ಫೆಬ್ರವರಿಯಲ್ಲಿಯೂ ದಾವಣಗೆರೆ ಜಿಲ್ಲೆಯ ಒಂದು ಗುಡಿಯ ಉತ್ಸವದಲ್ಲಿ ಸಮರ್ಪಣೆ ನಡೆಯದಂತೆ ತಡೆಯಬೇಕೆಂದು ಸುಪ್ರೀಂ ಕೋರ್ಟು ರಾಜ್ಯದ ಮುಖ್ಯ ಕಾರ್ಯದರ್ಶಿಗೆ ಆಜ್ಞೆ ಮಾಡಬೇಕಾಯಿತು.

ಬಸವಿ ಪದ್ಧತಿಯ ಮೂಲಕಾರಣವನ್ನು ತೆಗೆದುಹಾಕಿದ ಶಾಸನವು ಇದಲ್ಲ, ಮತ್ತೊಂದು. ೧೯೫೬ರ ಹಿಂದೂ ಉತ್ತರಾಧಿಕಾರದ ಶಾಸನಕ್ಕೆ ಕರ್ನಾಟಕವು ೧೯೯೪ರಲ್ಲಿ ತಿದ್ದುಪಡಿ ಮಾಡಿ ಅವಿವಾಹಿತ ಪುತ್ರಿಯರಿಗೂ, ಆಮೇಲೆ ವಿವಾಹವಾಗುವವರಿಗೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗನಿಗೆ ಸಮನಾದ ಭಾಗವನ್ನು ಕೊಟ್ಟಿತು. ೨೦೦೫ರಲ್ಲಿ ಕೇಂದ್ರದ ತಿದ್ದುಪಡಿಯು ಅದನ್ನು ಎಲ್ಲ ಪುತ್ರಿಯರಿಗೂ ವಿಸ್ತರಿಸಿತು. ೨೦೨೦ರಲ್ಲಿ ಸುಪ್ರೀಂ ಕೋರ್ಟು ಈ ಹಕ್ಕು ಹುಟ್ಟಿನಿಂದಲೇ ಬರುವುದೆಂದು ನಿರ್ಣಯಿಸಿತು. ಇನ್ನು ಮಗಳಾಗಿಯೇ ಹಕ್ಕುದಾರಳಾಗಬಹುದು. ಮಗನ ವೇಷ ಬೇಕಿಲ್ಲ. ಆದರೂ ಪದ್ಧತಿಯು ಪೂರ್ತಿಯಾಗಿ ನಿಲ್ಲದಿರುವುದಕ್ಕೆ ಕಾರಣವೇನು? ಭೂಮಿಯೇ ಇಲ್ಲದವನ ಮಗಳಿಗೆ ಸಮಭಾಗದಿಂದ ಬರುವುದೇನೂ ಇಲ್ಲ. ಮದುವೆಯ ಖರ್ಚು ಉಳಿಯುತ್ತದೆ, ಮುಪ್ಪಿನಲ್ಲಿ ನೋಡಿಕೊ‍ಳ್ಳಲು ಒಬ್ಬಳು ಮನೆಯಲ್ಲಿರುತ್ತಾಳೆ, ಅವಳ ಕೂಲಿಯೂ ಮನೆಗೇ ಬರುತ್ತದೆ ಎಂಬ ಲೆಕ್ಕವೇ ಈಗ ಉಳಿದಿರುವುದು. ತಲೆಯಲ್ಲಿ ಜಡೆ ಕಟ್ಟಿದರೆ ಎಲ್ಲಮ್ಮನ ಕರೆಯೆಂಬ ಭಯವು ಆ ಲೆಕ್ಕಕ್ಕೆ ಬೆಂಬಲವಾಗುತ್ತದೆ.

ಹೊರಗಿನ ಪ್ರಪಂಚದ ಸಂಗತಿಯನ್ನು ಇಲ್ಲಿ ಸ್ವಲ್ಪ ಹೇಳಬೇಕು. ೧೯೪೮ರ ಮಾನವ ಹಕ್ಕುಗಳ ಘೋಷಣೆಯ ಮೊದಲ ವಿಧಿಯಲ್ಲಿ ಪುರುಷವಾಚಕವಾದ ಪದವನ್ನು ತೆಗೆಯಿಸಿ ಮನುಷ್ಯಮಾತ್ರರೆಲ್ಲರಿಗೂ ಅನ್ವಯಿಸುವ ಪದವನ್ನು ಇರಿಸಿದವರು ನಮ್ಮ ದೇಶದ ಪ್ರತಿನಿಧಿಯಾಗಿದ್ದ ಶ್ರೀಮತಿ ಹಂಸಾ ಮೆಹ್ತಾ ಅವರು. ಶಬ್ದದ ವಿಚಾರದಲ್ಲಿ ಹಟ ಹಿಡಿಯುವುದು ವ್ಯರ್ಥವೆನ್ನುವವರು ಇದನ್ನು ಗಮನಿಸಲಿ. ೧೯೭೯ರಲ್ಲಿ ವಿಶ್ವಸಂಸ್ಥೆಯು ಸ್ತ್ರೀಯರ ವಿರುದ್ಧದ ಎಲ್ಲ ಬಗೆಯ ತಾರತಮ್ಯವನ್ನು ತೊಡೆದುಹಾಕುವ ಒಡಂಬಡಿಕೆಯನ್ನು ಅಂಗೀಕರಿಸಿತು. ಹೀನಾಯಭಾವದ ಮೇಲೆ ನಿಂತ ಆಚಾರಗಳನ್ನು ಬದಲಾಯಿಸುವುದು ರಾಜ್ಯದ ಕರ್ತವ್ಯವೆಂದು ಅದರ ಐದನೆಯ ವಿಧಿ. ಭಾರತವು ೧೯೯೩ರಲ್ಲಿ ಇದನ್ನು ಸ್ಥಿರೀಕರಿಸುವಾಗ, ಯಾವುದೇ ಸಮುದಾಯದ ಸ್ವಂತ ವಿಷಯಗಳಲ್ಲಿ ಆ ಸಮುದಾಯದ ಉಪಕ್ರಮವೂ ಸಮ್ಮತಿಯೂ ಇಲ್ಲದೆ ಕೈಹಾಕುವುದಿಲ್ಲವೆಂಬ ತನ್ನ ನೀತಿಗೆ ಅನುಸಾರವಾಗಿ ಎಂದು ಒಂದು ಷರತ್ತನ್ನು ಸೇರಿಸಿತು. ಈ ಷರತ್ತನ್ನು ಅನೇಕರು ಟೀಕಿಸಿದ್ದಾರೆ. ನಾನು ಕೇಳುವ ಪ್ರಶ್ನೆ ಬೇರೆ: ಸಮುದಾಯದ ಉಪಕ್ರಮವೆಂದರೆ ಯಾರ ಉಪಕ್ರಮ? ಪೂಜಾರಿಯದೋ, ಊರ ಗೌಡನದೋ, ಮುತ್ತು ಕಟ್ಟಿಸಿಕೊಂಡವಳದೋ?

ಮೂರನೆಯವಳದೇ ಎಂದಾದರೆ, ಆ ಉಪಕ್ರಮವು ಈಗಾಗಲೇ ನಡೆದಿದೆ. ಬೆಳಗಾವಿಯ ಕಡೆ ೧೯೯೭ರಲ್ಲಿ ಹುಟ್ಟಿದ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆಯು ದೇವದಾಸಿಯರಾಗಿದ್ದವರೇ ನಡೆಸುವ ಸಂಸ್ಥೆ. ಅದರ ಸೀತವ್ವ ಜೋಡಟ್ಟಿಯವರಿಗೆ ೨೦೧೮ರಲ್ಲಿ ಪದ್ಮಶ್ರೀ ದೊರೆಯಿತು. ನಮ್ಮ ಸೀಮೆಯಲ್ಲಿ ದೇವದಾಸಿ ಮಹಿಳೆಯರ ವಿಮೋಚನಾ ಸಂಘವು ಮೆರವಣಿಗೆಗಳನ್ನೂ ಸಭೆಗಳನ್ನೂ ನಡೆಸಿ ಮಾಸಾಶನ, ಮನೆ, ಭೂಮಿ, ಮಕ್ಕಳ ಓದು, ಹೊಸ ಗಣತಿಗಳಿಗಾಗಿ ಹಕ್ಕೊತ್ತಾಯ ಮಾಡುತ್ತ ಬಂದಿದೆ. ಹೊಸಪೇಟೆಯ ಸಖಿ ಟ್ರಸ್ಟು ದಲಿತರ ಮತ್ತು ದೇವದಾಸಿಯರ ಹೆಣ್ಣುಮಕ್ಕಳು ಶಾಲೆಯನ್ನು ಬಿಡದಂತೆ ನೋಡಿಕೊಳ್ಳುವ ಕೆಲಸದಲ್ಲಿ ತೊಡಗಿದೆ. ಸರ್ಕಾರವು ೧೯೯೩–೯೪ರಲ್ಲಿಯೂ ೨೦೦೭–೦೮ರಲ್ಲಿಯೂ ಮಾಡಿಸಿದ ಎರಡು ಗಣತಿಗಳಿಂದ ಹದಿನಾಲ್ಕು ಜಿಲ್ಲೆಗಳಲ್ಲಿ ಗುರುತಿಸಿದವರ ಸಂಖ್ಯೆ ೪೬,೬೬೦. ಇವರಿಗೆ ಮಹಿಳಾ ಅಭಿವೃದ್ಧಿ ನಿಗಮದ ಮೂಲಕ ಮಾಸಾಶನವೂ ಸಾಲವೂ ಸಲ್ಲುತ್ತವೆ. ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ಏನೂ ಇಲ್ಲ. ಸರ್ಕಾರದ ಕಾಗದಗಳಲ್ಲಿ ಇವರನ್ನು “ಮಾಜಿ ದೇವದಾಸಿ” ಎನ್ನುತ್ತಾರೆ. ಸಮರ್ಪಣೆಯೇ ಅಸಿಂಧುವೆಂದು ಶಾಸನವು ಹೇಳಿದ ಮೇಲೆ ಇವರು ಎಂದೂ ದೇವದಾಸಿಯರಾಗಿರಲಿಲ್ಲ. ಆಗಿಲ್ಲದವರು ಮಾಜಿಯಾಗುವುದು ಹೇಗೆ? ಸಂಘದವರು “ವಿಮೋಚನೆ” ಎಂಬ ಪದವನ್ನು ಆರಿಸಿಕೊಂಡದ್ದು ಹೆಚ್ಚು ಸಮಂಜಸ. ವಿಮೋಚನೆಯಲ್ಲಿಯೂ ಬಿಡುವ ಅರ್ಥವೇ ಇದೆ. ಆದರೆ ಇಲ್ಲಿ ಬಿಡಿಸಿಕೊಳ್ಳುವವರು ಅವರೇ.

ಪ್ರಸಂಗವಶಾತ್ ಒಂದು ಮಾತು. ಕೌಟಿಲ್ಯನ ಸೂತ್ರಾಧ್ಯಕ್ಷ ಪ್ರಕರಣದಲ್ಲಿ, ದೇವಸೇವೆಯು ನಿಂತುಹೋದ ದೇವದಾಸಿಯರಿಗೆ ನೂಲುವ ಕೆಲಸವನ್ನು ಕೊಡಿಸಬೇಕೆಂದು ವಿಧಿಸಿದೆ. ವಯಸ್ಸಾದ ಮೇಲೆ ಗುಡಿಯು ಇವರನ್ನು ಪೋಷಿಸುತ್ತಿರಲಿಲ್ಲವೆಂಬುದಕ್ಕೆ ಇದಕ್ಕಿಂತ ಹಳೆಯ ಪ್ರಮಾಣವು ಬೇಕಾಗಿಲ್ಲ.

ಕೊನೆಯದಾಗಿ ಮಕ್ಕಳ ವಿಷಯ. ಹಿಂದೆ ಹೇಳುವೆನೆಂದ ನನ್ನ ತಪ್ಪೂ ಇದಕ್ಕೆ ಸೇರಿದ್ದು. ಬಹಳ ವರ್ಷಗಳ ಹಿಂದೆ ಈ ಸೀಮೆಯ ಒಂದು ಶಾಲೆಯಲ್ಲಿ ನಾನು ಸಂಸ್ಕೃತವನ್ನು ಪಾಠ ಹೇಳುತ್ತಿದ್ದಾಗ, ದಾಖಲೆಯ ಪುಸ್ತಕವನ್ನು ತುಂಬುವ ಕೆಲಸವೂ ನನಗೆ ಬಂದಿತು. ಒಬ್ಬ ಹುಡುಗಿಯನ್ನು ತಂದೆಯ ಹೆಸರೇನೆಂದು ಕೇಳಿದೆನು. ಸುಮ್ಮನೆ ನಿಂತಳು. ತರಗತಿಯ ಎದುರಿಗೆ ಎರಡು ಬಾರಿ ಕೇಳಿ, ನಾಳೆ ತಂದೆಯನ್ನೇ ಕರೆದುಕೊಂಡು ಬಾ ಎಂದು ಗದರಿದೆನು. ಮೂರು ದಿನ ಅವಳು ಬರಲಿಲ್ಲ. ನಾಲ್ಕನೆಯ ದಿನ ತಾಯಿಯೊಡನೆ ಬಂದಳು. ಆ ತಾಯಿ ಬಾಗಿಲ ಹೊರಗೇ ನಿಂತು, “ಸ್ವಾಮಿ, ಅದು ನನ್ನ ಮಗಳು. ನನ್ನ ಹೆಸರು ಬರಕೊಳ್ರಿ,” ಎಂದಳು. ಹಾಗೆ ಬರೆಯಲು ಅಂಕಣವಿಲ್ಲವೆಂದು ನಾನು ಉತ್ತರ ಕೊಟ್ಟೆನು. ಅದೇ ವಾರ ಮೇಲಿನ ತರಗತಿಗೆ ಛಾಂದೋಗ್ಯದ ಸತ್ಯಕಾಮನ ಕಥೆಯನ್ನು ಬಹು ಉತ್ಸಾಹದಿಂದ ಹೇಳಿದ್ದೆನು: ಗೋತ್ರವನ್ನು ಅರಿಯದ ಜಬಾಲೆ, ತಾಯಿಯ ಹೆಸರಿನಿಂದಲೇ ಜಾಬಾಲನಾದ ಮಗ, ಅವನನ್ನು ಒಪ್ಪಿಕೊಂಡ ಗೌತಮ. ಕಥೆಗೂ ಬಾಗಿಲಲ್ಲಿ ನಿಂತವಳಿಗೂ ಸಂಬಂಧವುಂಟೆಂದು ನನಗೆ ಹೊಳೆದುದು ಎಷ್ಟೋ ಕಾಲದ ಮೇಲೆ. ಹುಡುಗಿ ಆಮೇಲೆ ಶಾಲೆಗೆ ಬರಲಿಲ್ಲ.

ಈ ಅಂಕಣದ ವಿರುದ್ಧ ದೇವದಾಸಿಯರ ಮಕ್ಕಳು ತಾವೇ ಹೋರಾಡಿದರು. ಜಾತಿಪತ್ರ, ವಿದ್ಯಾರ್ಥಿವೇತನ, ಮದುವೆಯ ಮಾತುಕತೆ, ಎಲ್ಲೆಡೆಯೂ ಅದೇ ಪ್ರಶ್ನೆಯು ಅಡ್ಡಬರುತ್ತಿತ್ತು. ೨೦೨೫ರ ಆಗಸ್ಟಿನಲ್ಲಿ ರಾಜ್ಯದ ಶಾಸನಸಭೆಯು ೧೯೮೨ರ ಶಾಸನದ ಸ್ಥಾನದಲ್ಲಿ ಹೊಸ ಮಸೂದೆಯೊಂದನ್ನು ಅಂಗೀಕರಿಸಿತು. ತಂದೆಯ ಹೆಸರನ್ನು ಹೇಳಬೇಕೆಂದು ದೇವದಾಸಿಯ ಮಕ್ಕಳನ್ನು ಬಲವಂತಪಡಿಸಲಾಗದು; ಅವರು ಇಷ್ಟಪಟ್ಟರೆ ತಂದೆಯನ್ನು ಗುರುತಿಸಿಕೊಡಬೇಕೆಂದು ಅರ್ಜಿ ಹಾಕಿಕೊಳ್ಳಬಹುದು ಎಂಬ ಎರಡು ಅಂಶಗಳು ಅದರಲ್ಲಿವೆ. ಮೊದಲನೆಯದು ಜಾಬಾಲನ ಪಕ್ಷ. ಎರಡನೆಯದು ಹಿಂದಿನ ಯಾವ ಶಾಸನವೂ ಮುಟ್ಟದ ವಿಷಯ: ಇಷ್ಟು ಶತಮಾನಗಳ ಕಾಲ ಯಾವ ಪುಸ್ತಕದಲ್ಲಿಯೂ ಹೆಸರು ಬರೆಯಿಸದೆ ಹೋದ ಗಂಡಸನ್ನು ಕರೆದು ಕೇಳುವುದು.